ಟೆಸ್ಟ್ ಗೌಡ್ರ ಐವತ್ತು ಮೂಟೆ

ಹೋದ ವರ್ಷ ದಸರಾ ರಜೆಗೆ ಇನ್ನೆರಡು ದಿನ ಇದೆ ಅನ್ನುವಾಗ, ಇಂಟರ್ನಲ್ಸ್ ಮುಗಿಸಿ ಮೆಸ್ಸಿನಲ್ಲಿ ಚಿತ್ರಾನ್ನ ತಿನ್ನುತ್ತಾ ಕೂತಿದ್ದೆ. ಮಾವನ ಫೋನ್ ಬಂತು.

"ಏನ್ಲಾ, ಈ ಟೆಸ್ಟ್ ಗೌಡ ಅಂದ್ರೆ ಯಾರ್ಲಾ?"

"ಯಾವ ಗೌಡ ಮಾವ?"

"ಟೆಸ್ಟ್ ಗೌಡ. ಕಂಪ್ಯೂಟರ್‌ನಲ್ಲಿ ಹಂಗೇ ಬಂದದೆ. ನಮ್ಮಂಗ್ಡೀಲಿ ಐವತ್ತು ಮೂಟೆ ಯೂರಿಯಾ ತಗೊಂಡವ್ನಂತೆ. ಅವನ ಕೆಳಗೆ ಎಎಎ ಅಂತ ಇನ್ನೊಬ್ಬ, ಅವ್ನು ಒಂದ್ರುಪಾಯಿ ಬಾಕಿ. ನಮ್ಮೋರ್ ಹೆಸ್ರೇ ಒಂದೂ ಕಾಣ್ತಿಲ್ವಲ್ಲೋ."

ಚಿತ್ರಾನ್ನ ಗಂಟಲಲ್ಲೇ ನಿಂತಿತು. ಟೆಸ್ಟ್ ಗೌಡ್ರು ಯಾರು ಅಂತ ಈ ಭೂಮಿ ಮೇಲೆ ಗೊತ್ತಿದ್ದವನು ನಾನೊಬ್ಬನೇ. ಅವರನ್ನು ಹುಟ್ಟಿಸಿದ್ದು ನಾನು, ನಮ್ಮ ಹಾಸ್ಟೆಲ್ ರೂಮಿನಲ್ಲಿ, ರಾತ್ರಿ ಒಂದೂವರೆಗೆ.

ಮಾವನದು ಅರಸೀಕೆರೆ ಕಡೆ ಒಂದು ಹಳ್ಳಿ. ಬಸ್‌ಸ್ಟ್ಯಾಂಡಿನ ಪಕ್ಕ ಗೊಬ್ಬರ, ಬಿತ್ತನೆ ಬೀಜ, ಔಷಧಿ ಮಾರುವ ಅಂಗಡಿ. ಇಂಥ ಅಂಗಡಿ ನಡೆಯೋದೇ ಉದ್ರಿ ಮೇಲೆ. ಮುಂಗಾರಿನಲ್ಲಿ ಮೂಟೆ ಎತ್ತಿಕೊಂಡು ಹೋದವರು ರಾಗಿ ಒಕ್ಕಣೆ ಆದಮೇಲೆ, ಕೊಬ್ಬರಿ ಮಾರಿದಮೇಲೆ ದುಡ್ಡು ತಂದುಕೊಡುತ್ತಾರೆ. ಅಲ್ಲೀತನಕ ಲೆಕ್ಕವೆಲ್ಲ ಉದ್ದನೆಯ ಕೆಂಪು ಬಟ್ಟೆ ರಟ್ಟಿನ ಖಾತೆ ಪುಸ್ತಕದಲ್ಲಿ. ಅದನ್ನು ಬರೆಯೋದು ಅತ್ತೆ. ಅವರ ಅಕ್ಷರ ಮುತ್ತಿನ ಹಾಗೆ, ಆದರೆ ಕೂಡಿಸೋಕೆ ಕೂತರೆ ಒಂದು ಊರಿನ ಬಾಕಿ ತೆಗೆಯೋಕೇ ಒಂದು ಸಂಜೆ ಬೇಕು. ಐದನೇ ಸೆಮ್‌ನ ಮಿನಿ ಪ್ರಾಜೆಕ್ಟಿಗೆ ಎಲ್ಲರೂ ಫೇಸ್ ರೆಕಗ್ನಿಷನ್, ಚಾಟ್‌ಬಾಟ್ ಅಂತ ಓಡುತ್ತಿದ್ದಾಗ ನಾನು ಉದ್ರಿ ಪುಸ್ತಕ ಮಾಡುತ್ತೇನೆ ಅಂದೆ. ಗೈಡ್ ಸರ್ ಒಂದು ಸಲ ನನ್ನ ಮುಖ ನೋಡಿ ಸೈನ್ ಹಾಕಿದರು.

ಪ್ರೋಗ್ರಾಮ್ ಬರೆಯೋದು ಎರಡು ವಾರದ ಕೆಲಸ. ಪೈಥಾನ್, ಟಿಕಿಂಟರ್, ಲೆಕ್ಕ ಇಡೋಕೆ ಎಸ್‌ಕ್ಯೂಲೈಟ್. ನಾನು ಹೇಳಹೊರಟಿರೋದು ಅದನ್ನಲ್ಲ. ಬರೆದ ಪ್ರೋಗ್ರಾಮನ್ನು ನನ್ನ ಲ್ಯಾಪ್‌ಟಾಪಿನಿಂದ ಎತ್ತಿ ಮಾವನ ಕಂಪ್ಯೂಟರಿಗೆ ಸೇರಿಸೋದು ಇದೆಯಲ್ಲ, ಅದನ್ನ. ಯಾವ ಸಿಲಬಸ್ಸಿನಲ್ಲೂ ಇಲ್ಲದ, ವೈವಾದಲ್ಲಿ ಯಾರೂ ಕೇಳದ ಕೆಲಸ. ಲ್ಯಾಬಿನಲ್ಲಿ ರನ್ ಬಟನ್ ಒತ್ತಿ ಔಟ್‌ಪುಟ್ ಬಂದರೆ ಅಲ್ಲಿಗೆ ನಮ್ಮ ಕಥೆ ಮುಗಿಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡೋದೇ. ಪೈಇನ್‌ಸ್ಟಾಲರ್ ಹಾಕಿ ಎಲ್ಲವನ್ನೂ ಒಂದೇ ಎಕ್ಸ್‌ಇ ಫೈಲ್ ಮಾಡಿದೆ. ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಓಡುತ್ತೆ, ಪೆನ್‌ಡ್ರೈವಿನಲ್ಲಿ ಒಯ್ದರೆ ಸಾಕು ಅಂತ. ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ ನೋಡಿದೆವು, ಓಡಿತು. ಅವನು ನಾಲ್ಕು ಖಾತೆ ಹಾಕಿ ಮುಚ್ಚಿ ಮತ್ತೆ ತೆಗೆದ. ನಾಲ್ಕೂ ಮಾಯ! ಆಮೇಲೆ ಗೊತ್ತಾಯ್ತು: ಒಂದೇ ಫೈಲಿನ ಮೋಡ್‌ನಲ್ಲಿ ಆ ಎಕ್ಸ್‌ಇ ಪ್ರತಿ ಸಲವೂ ತನ್ನ ಗಂಟು ಬಿಚ್ಚಿ ಟೆಂಪ್ ಫೋಲ್ಡರಿನಲ್ಲಿ ಹರಡಿಕೊಂಡು ಕೂರುತ್ತೆ, ಮುಚ್ಚುವಾಗ ಆ ಫೋಲ್ಡರನ್ನೇ ಅಳಿಸಿ ಎದ್ದು ಹೋಗುತ್ತೆ. ನಾನು ಡೇಟಾಬೇಸನ್ನು 'ಪ್ರೋಗ್ರಾಮ್ ಇರೋ ಜಾಗದಲ್ಲೇ' ಇಡು ಅಂತ ಬರೆದಿದ್ದೆ. ಅದು ಪಾಪ, ಹೇಳಿದ ಹಾಗೆಯೇ ಮಾಡಿತ್ತು. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. 'ಹಾಗಾದ್ರೆ ಒಂದೇ ಫೈಲ್ ಬೇಡ, ಫೋಲ್ಡರ್ ಮಾಡೋಣ' ಅಂದುಕೊಂಡೆ ಅಷ್ಟೇ.

ಫೋಲ್ಡರ್ ಅಂದಮೇಲೆ ನೂರಾರು ಫೈಲು. ಅದನ್ನು ಸರಿಯಾದ ಜಾಗದಲ್ಲಿ ಇಡೋಕೆ, ಡೆಸ್ಕ್‌ಟಾಪಿನಲ್ಲಿ ಒಂದು ಐಕಾನ್ ಮಾಡೋಕೆ ಇನ್‌ಸ್ಟಾಲರ್ ಬೇಕು. ಸಿವಿಲ್, ಮೆಕ್ಯಾನಿಕಲ್ ಗೆಳೆಯರಿಗೆ ಒಂದು ಮಾತು: ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ಫಿನಿಷ್ ಅಂತ ನೀವು ಕಣ್ಣುಮುಚ್ಚಿ ಒತ್ತುತ್ತೀರಲ್ಲ, ಅದೂ ಯಾರೋ ಕೂತು ಬರೆದ ಪ್ರೋಗ್ರಾಮೇ. ಮದುವೆ ಮನೆಗೆ ಶಾಮಿಯಾನದವರು ಬರೋ ಹಾಗೆ ಅದರ ಕೆಲಸ. ಬರುವಾಗ ಎಷ್ಟು ಕುರ್ಚಿ, ಎಷ್ಟು ಹಂಡೆ, ಎಷ್ಟು ಸೌಟು ಇಳಿಸಿದೆ ಅಂತ ಒಂದು ಪಟ್ಟಿ ಬರೆದುಕೊಳ್ಳುತ್ತೆ. ಹೋಗುವಾಗ ಆ ಪಟ್ಟಿ ಪ್ರಕಾರ ತನ್ನದನ್ನು ಮಾತ್ರ ಎತ್ತಿಕೊಂಡು ಹೋಗಬೇಕು. ನಿಮ್ಮ ಮನೆ ತಾಮ್ರದ ಹಂಡೆ ಮುಟ್ಟಬಾರದು.

ಇದಕ್ಕೆ ಸಾಮಾನುಗಳು ಬೇಕಾದಷ್ಟಿವೆ. ವಿನ್ಯಾಂಪ್ ಮಾಡಿದ ನಲ್‌ಸಾಫ್ಟ್ ಕಂಪನಿಯವರು ತಮ್ಮ ಪ್ಲೇಯರನ್ನು ಹಂಚೋಕೆ ಅಂತ ಕಟ್ಟಿಕೊಂಡಿದ್ದು ಎನ್‌ಎಸ್‌ಐಎಸ್. ಮೈಕ್ರೋಸಾಫ್ಟಿನದೇ ಆದ ವಿಂಡೋಸ್ ಇನ್‌ಸ್ಟಾಲರ್ ಬಂದಿದ್ದು ಆಫೀಸ್ 2000ದ ಜೊತೆಗೆ. ಅದರ ಎಂಎಸ್‌ಐ ಫೈಲು ನಿಜಕ್ಕೂ ಒಂದು ಪುಟ್ಟ ಡೇಟಾಬೇಸು. ಯಾವ ಫೈಲು, ಯಾವ ಫೋಲ್ಡರು, ಯಾವ ಕ್ರಮ ಎಲ್ಲಾ ಟೇಬಲ್‌ಗಳಲ್ಲಿರುತ್ತೆ. ನಾಲ್ಕನೇ ಸೆಮ್‌ನ ಡಿಬಿಎಂಎಸ್‌ನಲ್ಲಿ ಇದನ್ನೇ ಉದಾಹರಣೆ ಕೊಟ್ಟಿದ್ದರೆ ನಾನು ಇನ್ನೊಂದೆರಡು ಮಾರ್ಕ್ಸ್ ಜಾಸ್ತಿ ತೆಗೆಯುತ್ತಿದ್ದೆನೋ ಏನೋ. ಆ ಟೇಬಲ್‌ಗಳನ್ನು ಎಕ್ಸ್‌ಎಂಎಲ್‌ನಲ್ಲಿ ಬರೆದು ಎಂಎಸ್‌ಐ ಮಾಡಿಕೊಡೋ ವಿಕ್ಸ್ ಅನ್ನೋ ಟೂಲನ್ನು ಮೈಕ್ರೋಸಾಫ್ಟ್ 2004ರಲ್ಲಿ ಓಪನ್ ಸೋರ್ಸ್ ಮಾಡಿತು. ಒಂದು ಸಂಜೆ ಅದರ ಮುಂದೆ ಕೂತೆ, ಕೈಮುಗಿದು ಎದ್ದೆ. ನನಗೆ ಒಗ್ಗಿದ್ದು ಇನ್ನೋ ಸೆಟಪ್. ಜೋರ್ಡನ್ ರಸೆಲ್ ಅನ್ನೋವರು 1997ರಲ್ಲಿ ಶುರು ಮಾಡಿದ್ದು, ಫ್ರೀ. ನೀವೆಲ್ಲ ದಿನಾ ತೆಗೆಯೋ ವಿಎಸ್ ಕೋಡ್ ವಿಂಡೋಸಿಗೆ ಬರೋದು ಇದರ ಮೂಲಕವೇ. ಒಂದು ಸಣ್ಣ ಟೆಕ್ಸ್ಟ್ ಫೈಲು ಬರೆದು ಕಂಪೈಲ್ ಒತ್ತಿದರೆ ಸೆಟಪ್ ಡಾಟ್ ಎಕ್ಸ್‌ಇ ರೆಡಿ. ಆ ಟೆಕ್ಸ್ಟ್ ಫೈಲನ್ನೂ ಬರೆಯೋಕೆ ಸೋಮಾರಿಗಳಿಗೆ ಒಂದು ವಿಝಾರ್ಡ್ ಇದೆ. ನಾನು ಸೋಮಾರಿ.

ಒಂದು ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿದೆ. ಇನ್‌ಸ್ಟಾಲರಿನ ಮಾತುಗಳೆಲ್ಲ ಒಂದು ಬೇರೆ ಫೈಲಿನಲ್ಲಿರುತ್ತವೆ. ಅದನ್ನು ತೆಗೆದು ಕಣ್ಣಿಗೆ ಬೀಳೋ ಸಾಲುಗಳನ್ನೆಲ್ಲ ಕನ್ನಡ ಮಾಡಿದೆ. ನೆಕ್ಸ್ಟ್‌ಗೆ 'ಮುಂದೆ', ಬ್ಯಾಕ್‌ಗೆ 'ಹಿಂದೆ', ಫಿನಿಷ್‌ಗೆ 'ಮುಗಿಯಿತು'. ಇನ್‌ಸ್ಟಾಲ್ ಅನ್ನೋದಕ್ಕೆ ಅನುಸ್ಥಾಪಿಸು, ಪ್ರತಿಷ್ಠಾಪಿಸು ಅಂತೆಲ್ಲ ಯೋಚನೆ ಮಾಡಿ, ಗಣಪತಿ ಕೂರಿಸಿದ ಹಾಗಾಗುತ್ತೆ ಅನ್ನಿಸಿ, 'ಹಾಕು' ಅಂತ ಬರೆದೆ. ನಮ್ಮೂರಲ್ಲಿ ಎಲ್ಲರೂ 'ಸಾಫ್ಟ್‌ವೇರ್ ಹಾಕಿಸಿದೆ' ಅಂತ ತಾನೇ ಅನ್ನೋದು? ಹಾಗಾದರೆ ಅನ್‌ಇನ್‌ಸ್ಟಾಲ್‌ಗೆ 'ತೆಗೆ'.

ಮೇ ಕೊನೆಯಲ್ಲಿ ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಟ್ರೈನ್ ಹತ್ತಿದೆ. ಅಂಗಡಿಯ ಕಂಪ್ಯೂಟರು ವಿಂಡೋಸ್ 7, 32 ಬಿಟ್, 2 ಜಿಬಿ ರ್‍ಯಾಮ್, ಕೀಬೋರ್ಡಿನ ಸಂದಿಯಲ್ಲೆಲ್ಲ ಪೊಟ್ಯಾಷ್ ಧೂಳು. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ವಿಂಡೋಸ್ 7ರ ಕೈಬಿಟ್ಟಿದೆ ಅಂತ ಮಾವನಿಗೆ ಹೇಳಿದೆ. "ನಾವು ಬಿಟ್ಟಿಲ್ವಲ್ಲ" ಅಂದರು.

ಸೆಟಪ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಮುಂದೆ, ಮುಂದೆ, ಹಾಕು, ಮುಗಿಯಿತು. ಅತ್ತೆ ಕನ್ನಡ ನೋಡಿ ಖುಷಿಪಟ್ಟರು. ಐಕಾನ್ ಒತ್ತಿದೆ. ಈ ಫೈಲು ನಿಮ್ಮ ವಿಂಡೋಸಿಗೆ ಹೊಂದೋದಿಲ್ಲ, 32 ಬಿಟ್ ಬೇಕೋ 64 ಬಿಟ್ ಬೇಕೋ ನೋಡ್ಕೊಳ್ಳಿ ಅಂತ ಇಂಗ್ಲಿಷಿನಲ್ಲಿ ಒಂದು ಬಾಕ್ಸ್ ಬಂತು. ಇನ್ನೋ ಸೆಟಪ್ಪಿನ ಇನ್‌ಸ್ಟಾಲರ್ 32 ಬಿಟ್, ಹಾಗಾಗಿ ಅದು ಓಡಿತು. ಒಳಗಿದ್ದ ನನ್ನ ಪ್ರೋಗ್ರಾಮ್ 64 ಬಿಟ್. ಬಂಡಿ ಬಂತು, ಒಳಗಿನ ಸಾಮಾನು ಬಾಗಿಲಲ್ಲಿ ತೂರಲಿಲ್ಲ.

ಪೈಇನ್‌ಸ್ಟಾಲರ್ ತಾನು ಯಾವ ಪೈಥಾನ್ ಮೇಲೆ ಕೂತಿದೆಯೋ ಅದಕ್ಕೆ ಮಾತ್ರ ಎಕ್ಸ್‌ಇ ಮಾಡಿಕೊಡುತ್ತೆ. 32 ಬಿಟ್ ಬೇಕಾದರೆ 32 ಬಿಟ್ ಪೈಥಾನ್ ಹಾಕಿ ಮತ್ತೆ ಕಟ್ಟಬೇಕು. ಅದೂ 3.8. ಅದರ ಮುಂದಿನ ಪೈಥಾನ್‌ಗಳು ವಿಂಡೋಸ್ 7ರಲ್ಲಿ ಓಡೋದೇ ಇಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದನ್ನೆಲ್ಲ ಇಳಿಸಿಕೊಂಡು, ಅಂಗಡಿಯ ಹಿಂದುಗಡೆ ಗೊಬ್ಬರದ ಮೂಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಟ್ಟಿದೆ. ಈ ಸಲ ಬೇರೆ ಬಾಕ್ಸ್: 'ಎಪಿಐ-ಎಂಎಸ್-ವಿನ್-ಸಿಆರ್‌ಟಿ' ಅಂತ ಶುರುವಾಗೋ, ರೈಲ್ವೆ ವ್ಯಾಗನ್ನಿನ ನಂಬರಿನಷ್ಟು ಉದ್ದ ಹೆಸರಿನ ಒಂದು ಡಿಎಲ್‌ಎಲ್ ಇಲ್ಲವಂತೆ. ಸಿ ಭಾಷೆಯ ರನ್‌ಟೈಮ್ ಅದು. ವಿಂಡೋಸ್ 10ರಲ್ಲಿ ಹುಟ್ಟುತ್ತಲೇ ಇರುತ್ತೆ. 7ಕ್ಕೆ ಅಪ್‌ಡೇಟ್ ಮೂಲಕ ಬರಬೇಕು, ಅಂಗಡಿ ಕಂಪ್ಯೂಟರು ಅಪ್‌ಡೇಟ್ ಕಂಡು ಯಾವ ಕಾಲವಾಗಿತ್ತೋ. ನಿಮ್ಮಲ್ಲಿ ಕೆಲವರು ಗೇಮ್ ಹಾಕುವಾಗ ಹೀಗೇ ಬಾಕ್ಸ್ ಬಂದು, ಯಾವುದೋ ಸೈಟಿನಿಂದ ಆ ಒಂದು ಡಿಎಲ್‌ಎಲ್ ಮಾತ್ರ ಇಳಿಸಿ ಸಿಸ್ಟಮ್ 32ಕ್ಕೆ ಹಾಕಿರ್ತೀರಿ. ಮಾಡಬೇಡಿ. ವೈರಸ್ ಬರೋ ರಾಜಮಾರ್ಗ ಅದು. ಮೈಕ್ರೋಸಾಫ್ಟಿನ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅಂತ ಒಂದಿದೆ. ಅದನ್ನು ನನ್ನ ಸೆಟಪ್ಪಿನ ಹೊಟ್ಟೆಯೊಳಗೇ ಇಟ್ಟು, ಸದ್ದಿಲ್ಲದೆ ಮೊದಲು ಅದನ್ನು ಓಡಿಸು ಅಂತ ಒಂದು ಸಾಲು ಸೇರಿಸಿದೆ.

ಪ್ರೋಗ್ರಾಮ್ ತೆರೆಯಿತು. ಅತ್ತೆ ಮೊದಲ ಖಾತೆ ಬರೆದು ಉಳಿಸು ಒತ್ತಿದರು. ಮೂರನೇ ಬಾಕ್ಸ್! ಡೇಟಾಬೇಸು ರೀಡ್‌ಓನ್ಲಿ, ಬರೆಯೋಕಾಗಲ್ಲ.

ಇಲ್ಲೇ ನೋಡಿ ನಾನು ಎಡವಿದ್ದು. ಪ್ರೋಗ್ರಾಮ್ ಫೈಲ್ಸ್ ಅನ್ನೋ ಫೋಲ್ಡರಿನಲ್ಲಿ ಅಡ್ಮಿನಿಸ್ಟ್ರೇಟರ್ ಬಿಟ್ಟು ಬೇರೆ ಯಾರೂ ಬರೆಯೋ ಹಾಗಿಲ್ಲ. ವಿಂಡೋಸ್ ವಿಸ್ಟಾ ಕಾಲದಿಂದ ಇದನ್ನು ಗಟ್ಟಿಯಾಗಿ ನೋಡಿಕೊಳ್ಳುತ್ತಾರೆ. ಸುಮ್ಮನೆ ಮಾಡಿದ ಕಟ್ಟಳೆಯಲ್ಲ ಅದು. ಪ್ರೋಗ್ರಾಮ್ ಒಂದು ಕಡೆ, ಅದನ್ನು ಬಳಸೋ ಮನುಷ್ಯನ ಡೇಟಾ ಇನ್ನೊಂದು ಕಡೆ ಇರಲಿ ಅಂತ. ಡೇಟಾಗೆ ಅಂತಲೇ ಆಪ್‌ಡೇಟಾ ಇದೆ, ಪ್ರೋಗ್ರಾಮ್‌ಡೇಟಾ ಇದೆ. ಟೆಂಪ್ ಫೋಲ್ಡರಿನಲ್ಲಿ ಒಂದು ಸಲ, ಇಲ್ಲಿ ಇನ್ನೊಂದು ಸಲ, ಎರಡು ಸಲ ವಿಂಡೋಸು ನನಗೆ ಇದನ್ನೇ ಹೇಳಿತು. ಹೊರಗೆ ಮಾವ "ಆಯ್ತೇನ್ಲಾ, ಆಯ್ತೇನ್ಲಾ" ಅಂತಿದ್ದರು, ವಾಪಸ್ ಹೋಗೋ ಟ್ರೈನಿಗೆ ಒಂದೂವರೆ ಗಂಟೆ ಇತ್ತು. ಪ್ರೋಗ್ರಾಮ್ ಫೈಲ್ಸ್ ಬೇಡ, ನೇರ ಸಿ ಡ್ರೈವಿನಲ್ಲಿ 'ಉದ್ರಿ' ಅಂತ ಫೋಲ್ಡರ್ ಮಾಡಿ ಅಲ್ಲಿಗೇ ಎಲ್ಲಾ ಹಾಕು ಅಂತ ಒಂದು ಸಾಲು ಬದಲಾಯಿಸಿದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ಬಾಕ್ಸ್ ಬರಲಿಲ್ಲ. ಅತ್ತೆ ಎಳನೀರು ಕೊಟ್ಟರು.

ಹೊರಡುವಾಗ ಅತ್ತೆ ಎರಡು ಪ್ರಶ್ನೆ ಕೇಳಿದರು. ಸ್ಟಾರ್ಟ್ ಮೆನುವಿನಲ್ಲಿದ್ದ 'ಉದ್ರಿ ಪುಸ್ತಕ ತೆಗೆ' ಅನ್ನೋದನ್ನ ತೋರಿಸಿ, "ಇದನ್ನ ಒತ್ತಿದ್ರೆ ಏನನ್ನ ತೆಗೀತದೆ? ಲೆಕ್ಕಾನೂ ತೆಗೀತದಾ?" ಅಂದರು. "ಇಲ್ಲತ್ತೆ, ಸಾಫ್ಟ್‌ವೇರ್ ಮಾತ್ರ" ಅಂದೆ. ಅದು ಸುಳ್ಳಲ್ಲ. ಇನ್ನೋ ಸೆಟಪ್ ತಾನು ಇಟ್ಟಿದ್ದನ್ನು ಮಾತ್ರ ತೆಗೆಯುತ್ತೆ. ಡೇಟಾಬೇಸನ್ನು ನನ್ನ ಪ್ರೋಗ್ರಾಮ್ ಆಮೇಲೆ ಮಾಡಿಕೊಂಡದ್ದು, ಪಟ್ಟಿಯಲ್ಲಿ ಇರೋದಿಲ್ಲ. ಎರಡನೇ ಪ್ರಶ್ನೆ: "ಚೀಟಿ ಬರೆಯೋದು ಬಿಟ್ಬಿಡ್ಲಾ?" ಅತ್ತೆ ಪ್ರತಿ ಉದ್ರಿಗೂ ಒಂದು ಚೀಟಿ ಬರೆದು ತಂತಿಗೆ ಚುಚ್ಚಿಡೋರು, ರಾತ್ರಿ ಅದನ್ನು ನೋಡಿ ಖಾತೆಗೆ ಏರಿಸೋರು. ನಾನು ದೊಡ್ಡ ಇಂಜಿನಿಯರ್ ಥರ ನಕ್ಕು, "ಇನ್ನು ಚೀಟಿ ಯಾಕತ್ತೆ?" ಅಂದೆ.

ಅತ್ತೆ ಆದರೂ ಒಂದು ತಿಂಗಳು ಬರೆದರಂತೆ. ಆಮೇಲೆ ನಂಬಿಕೆ ಬಂದು ನಿಲ್ಲಿಸಿದರು.

ಮುಂಗಾರು ಚೆನ್ನಾಗಿ ನಡೆಯಿತು. ಮಾವ ಫೋನ್ ಮಾಡಿದಾಗಲೆಲ್ಲ ಹೊಗಳೋರು. ಸೆಪ್ಟೆಂಬರಿನಲ್ಲಿ, "ಊರುವಾರು ಬಾಕಿ ಪಟ್ಟಿ ಪ್ರಿಂಟ್ ಬರಂಗೆ ಮಾಡಿಕೊಡ್ಲಾ, ವಸೂಲಿಗೆ ಹೋಗುವಾಗ ಜೇಬಲ್ಲಿ ಇಟ್ಕೊಂಡು ಹೋಗ್ತೀನಿ" ಅಂದರು. ಮಾಡಿದೆ. ವರ್ಷನ್ 1.1. ಕಳಿಸೋದೂ ಒಂದು ಸಾಹಸ. ಜಿಮೇಲು ಎಕ್ಸ್‌ಇ ಫೈಲನ್ನು ಒಳಗೆ ಬಿಡೋದಿಲ್ಲ, ಜಿಪ್ ಮಾಡಿದರೂ ಬಿಡೋದಿಲ್ಲ. ಡ್ರೈವಿಗೆ ಏರಿಸಿ ಲಿಂಕ್ ಕೊಟ್ಟೆ. ಮೊದಲು ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ ಅದೇ ಲಿಂಕಿನಿಂದ ಇಳಿಸಿ ನೋಡಿದೆ. ಅವನದು ವಿಂಡೋಸ್ 11. ಸ್ಮಾರ್ಟ್‌ಸ್ಕ್ರೀನ್ ನೀಲಿ ಪರದೆ ಎಳೆದು, ನಿಮ್ಮ ಪಿಸಿಯನ್ನು ಕಾಪಾಡಿದೆ ಅಂತ ಹೇಳಿಕೊಂಡಿತು. 'ಅನ್‌ನೋನ್ ಪಬ್ಲಿಷರ್' ಅಂತೆ ನಾನು. ಪಬ್ಲಿಷರ್ ನೋನ್ ಆಗಬೇಕಾದರೆ ಕೋಡ್ ಸೈನಿಂಗ್ ಸರ್ಟಿಫಿಕೇಟ್ ಕೊಳ್ಳಬೇಕು. 2023ರ ಜೂನಿನಿಂದ ಅದರ ಕೀ ಒಂದು ಹಾರ್ಡ್‌ವೇರ್ ಟೋಕನ್ನಿನಲ್ಲೋ ಅಂಥದ್ದೇ ಭದ್ರ ಸಾಧನದಲ್ಲೋ ಇರಲೇಬೇಕು. ಮೆಸ್ ಬಿಲ್ಲೇ ಕಟ್ಟಿಲ್ಲ, ಟೋಕನ್ ಎಲ್ಲಿಂದ. ನಾವಿಬ್ಬರೂ ಆ ನೀಲಿ ಪರದೆಗೆ ಬೈದು 'ರನ್ ಎನಿವೇ' ಒತ್ತಿದೆವು. ಈಗ ಅನ್ನಿಸುತ್ತೆ, ಸ್ಮಾರ್ಟ್‌ಸ್ಕ್ರೀನ್ ನನ್ನ ಬಗ್ಗೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಸರಿಯಿತ್ತು. ಅಲ್ಲಿ ಮೊದಲೇ ಡೇಟಾ ಇರಲಿಲ್ಲವಲ್ಲ. ಹಳೇ ವರ್ಷನ್ ಇರೋ, ಅದರಲ್ಲಿ ಲೆಕ್ಕ ತುಂಬಿರೋ ಕಂಪ್ಯೂಟರಿನ ಮೇಲೆ ಹೊಸದನ್ನು ಹಾಕಿ ನೋಡಬೇಕು ಅನ್ನೋದು ನನಗೆ ಹೊಳೆಯಲೇ ಇಲ್ಲ.

ಆಗಿದ್ದು ಇಷ್ಟು. 1.1 ಕಟ್ಟಿದಮೇಲೆ, ಇನ್‌ಸ್ಟಾಲರ್ ಮಾಡೋದಕ್ಕೆ ಮೊದಲು, ಪ್ರಿಂಟ್ ಸರಿ ಬರುತ್ತಾ ಅಂತ ಡಿಸ್ಟ್ ಫೋಲ್ಡರಿನಲ್ಲೇ ಒಂದು ಸಲ ಓಡಿಸಿದೆ. ಟೆಸ್ಟ್ ಗೌಡ್ರು, ಎಎಎ, ಇನ್ನೊಂದಿಷ್ಟು ಜನರನ್ನು ಸೇರಿಸಿ ಪಟ್ಟಿ ತೆಗೆದೆ. ಪ್ರೋಗ್ರಾಮ್ ಎಂದಿನಂತೆ ತಾನಿರೋ ಜಾಗದಲ್ಲೇ, ಅಂದರೆ ಡಿಸ್ಟ್ ಫೋಲ್ಡರಿನಲ್ಲೇ, ಒಂದು ಡೇಟಾಬೇಸು ಮಾಡಿಕೊಂಡಿತು. ವಿಝಾರ್ಡ್ ಬರೆದುಕೊಟ್ಟ ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ಕೊನೆಗೆ ಒಂದು ನಕ್ಷತ್ರ ಇತ್ತು: ಇಲ್ಲಿರೋದೆಲ್ಲವನ್ನೂ ತಗೋ. ಪಕ್ಕದಲ್ಲೇ 'ಇಗ್ನೋರ್‌ವರ್ಷನ್' ಅಂತ ಒಂದು ಫ್ಲ್ಯಾಗ್: ಅಲ್ಲಿ ಅದೇ ಹೆಸರಿನ ಫೈಲಿದ್ದರೆ ಹಳೇದೋ ಹೊಸದೋ ನೋಡಬೇಡ, ಇದನ್ನು ಅದರ ಮೇಲೆ ಹಾಕು. ಆ ಫ್ಲ್ಯಾಗ್ ಇಲ್ಲದಿದ್ದರೂ ಉಳಿಯುತ್ತಿರಲಿಲ್ಲ ಅನ್ನಿ, ವರ್ಷನ್ ನಂಬರೇ ಇಲ್ಲದ ಫೈಲಿಗೆ ಹೋಲಿಸೋಕೆ ಏನಿದೆ. ಮಾವ ಊಟ ಮಾಡಿ ಬಂದು, ಹುರುಪಿನಿಂದ ತಾವೇ ಲಿಂಕ್ ಒತ್ತಿ ಇಳಿಸಿಕೊಂಡರು. ಮುಂದೆ, ಮುಂದೆ, ಹಾಕು, ಮುಗಿಯಿತು. ಶಾಮಿಯಾನದವನು ನಮ್ಮ ಮನೆ ಹಂಡೆ ಎಸೆದು ಆ ಜಾಗದಲ್ಲಿ ತನ್ನ ತೂತು ಪಾತ್ರೆ ಇಟ್ಟು ಹೋದ.

"ಮಾವ, ಕಂಪ್ಯೂಟರ್ ಆಫ್ ಮಾಡಿ. ಈಗಲೇ. ಯಾರೂ ಮುಟ್ಟಬೇಡಿ" ಅಂದೆ.

"ಯಾಕ್ಲಾ, ಏನಾಯ್ತು?"

"ಬರ್ತಿದೀನಿ."

ಮಾವ ಮುಂದಕ್ಕೆ ಏನೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇರುತ್ತಿತ್ತು.

ರಾತ್ರಿ ಟ್ರೈನಿನಲ್ಲಿ ಲೆಕ್ಕ ಹಾಕಿದೆ. ಡಿಎಪಿ ಮೂಟೆಗೆ 1350 ರೂಪಾಯಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಆ ಅಂಗಡಿಯ ವರ್ಷದ ವ್ಯಾಪಾರದ ಮುಕ್ಕಾಲು ಪಾಲು. ಹಿಂದಿನ ಸೀಟಿನಲ್ಲಿ ಯಾರೋ ಇಸ್ಪೀಟ್ ಆಡುತ್ತಿದ್ದರು. ನನಗೆ ಅಂಗಡಿಗಿಂತ ಆ ತಂತಿ ನೆನಪಾಗುತ್ತಿತ್ತು, ಚೀಟಿ ಇಲ್ಲದ ಬರೀ ತಂತಿ.

ಹಳೇ ಕಂಪ್ಯೂಟರಿನ ಒಂದು ಪುಣ್ಯ ಅಂದರೆ ಅದರಲ್ಲಿದ್ದದ್ದು ತಿರುಗೋ ಹಾರ್ಡ್ ಡಿಸ್ಕು. ಎಸ್‌ಎಸ್‌ಡಿ ಆಗಿದ್ದರೆ, ಅಳಿಸಿದ ಜಾಗ ಇನ್ನು ಬೇಡ ಅಂತ ವಿಂಡೋಸು ಡ್ರೈವಿಗೆ ಹೇಳಿಬಿಡುತ್ತೆ, ಡ್ರೈವು ಗುಡಿಸಿ ಹಾಕುತ್ತೆ. ಹಾರ್ಡ್ ಡಿಸ್ಕಿನಲ್ಲಿ ಹಾಗಲ್ಲ, ಮೇಲೆ ಬೇರೇನೋ ಬರೆಯೋ ತನಕ ಹಳೇದು ಅಲ್ಲೇ ಬಿದ್ದಿರುತ್ತೆ. ಪ್ರೀವಿಯಸ್ ವರ್ಷನ್ಸ್ ಅನ್ನೋ ಟ್ಯಾಬು ನೋಡಿದೆ, ಖಾಲಿ. ಯಾರೋ ಜಾಗ ಉಳಿಸೋಕೆ ಅಂತ ಸಿಸ್ಟಮ್ ರಿಸ್ಟೋರ್ ಆಫ್ ಮಾಡಿಟ್ಟಿದ್ದರು. ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ರೆಕುವಾ ಓಡಿಸಿದೆ. ಎರಡು ಗಂಟೆ ಆದಮೇಲೆ ಅಳಿಸಿಹೋದ ಡೇಟಾಬೇಸು ಸಿಕ್ಕಿತು. ತೆರೆದರೆ, ಇದು ಕೆಟ್ಟಿದೆ ಅಂತ ಎಸ್‌ಕ್ಯೂಲೈಟ್ ಕೈಚೆಲ್ಲಿತು. ಮಾವ ಫೋನ್ ಮಾಡೋಕೆ ಮೊದಲು ಅರ್ಧ ಗಂಟೆ ಅದೂ ಇದೂ ಒತ್ತಿ ನೋಡಿದ್ದರು, ಅಷ್ಟರಲ್ಲಿ ಆ ಜಾಗದ ಕೆಲವು ಭಾಗದ ಮೇಲೆ ವಿಂಡೋಸು ಬೇರೇನೋ ಬರೆದಿತ್ತು. ಎಸ್‌ಕ್ಯೂಲೈಟಿನ ಕಮಾಂಡ್ ಲೈನಿನಲ್ಲಿ 'ರಿಕವರ್' ಅಂತ ಒಂದು ಆದೇಶವಿದೆ, ಮುರಿದ ಫೈಲಿನಿಂದ ಓದೋಕಾಗೋ ಸಾಲುಗಳನ್ನು ಆರಿಸಿಕೊಡುತ್ತೆ. ಕಪ್ಪು ಪರದೆ ಮೇಲೆ ಒಂದೊಂದೇ ಹೆಸರು ಕನ್ನಡದಲ್ಲಿ ಬರೋಕೆ ಶುರುವಾಯಿತು. ಅತ್ತೆ ಹಿಂದೆ ನಿಂತು, "ಇವ್ರು ಬಂದ್ರು, ಇವ್ರು ಬಂದ್ರು" ಅಂತ ಎಣಿಸುತ್ತಿದ್ದರು. ನೆರೆ ಬಂದಾಗ ದೋಣಿಯಿಂದ ಇಳಿಯೋರನ್ನ ಎಣಿಸೋ ಹಾಗೆ.

331ಕ್ಕೆ ನಿಂತಿತು. ಕೊನೆಯ ರಸೀದಿ ನಂಬರ್ 547 ಅಂತ ಅತ್ತೆಗೆ ನೆನಪಿತ್ತು. ಉಳಿದ 216 ಎಲ್ಲಿ?

ಜೂನ್ ತಿಂಗಳ ಚೀಟಿಗಳನ್ನು ಅತ್ತೆ ಬಿಸಾಕಿರಲಿಲ್ಲ, ಅಲ್ಲಿ ಅರವತ್ತು ಚಿಲ್ಲರೆ ಸಿಕ್ಕವು. ಗೊಬ್ಬರಕ್ಕೆ ಸರ್ಕಾರದ ಪಿಒಎಸ್ ಮಷೀನ್ ಇದೆ, ರೈತರು ಹೆಬ್ಬೆಟ್ಟು ಒತ್ತಿಯೇ ತಗೊಳ್ಳಬೇಕು. ಯಾರು ಎಷ್ಟು ಮೂಟೆ ತಗೊಂಡರು ಅನ್ನೋದು ಅದರಲ್ಲಿ ಇರುತ್ತೆ. ದುಡ್ಡು ಕೊಟ್ಟರೋ ಉದ್ರಿ ಹೇಳಿದರೋ ಅನ್ನೋದು ಇರೋದಿಲ್ಲ. ಬೀಜ, ಔಷಧಿ ಅದರಲ್ಲಿ ಬರೋದೇ ಇಲ್ಲ. ಮಿಕ್ಕಿದ್ದಕ್ಕೆ ದಾರಿ ಇರಲಿಲ್ಲ.

ಮಾವ ಯಾರಿಗೂ ಹೇಳಬಾರದು, ಹೇಳಿದರೆ ಬಾಕಿ ಇರೋರು ಬಾಯಿ ಮುಚ್ಚಿಕೊಳ್ತಾರೆ ಅನ್ನೋದು ನನ್ನ ಸಲಹೆ. ಮಾವ ಮಾರನೇ ದಿನ ಬೆಳಿಗ್ಗೆ ಅಂಗಡಿ ಮುಂದಿನ ಕಟ್ಟೆ ಮೇಲೆ ಕೂತು ಬಂದೋರಿಗೆಲ್ಲ ಹೇಳಿದರು. "ನಮ್ಮ ಹುಡ್ಗ ಕಂಪ್ಯೂಟರ್‌ನಲ್ಲಿ ಏನೋ ಹೊಸದು ಹಾಕೋಕ್ ಹೋಗಿ ಲೆಕ್ಕ ಹೋಯ್ತು ಕಣ್ರಪ್ಪ. ನಿಮ್ಮದೆಷ್ಟು ಅಂತ ನೀವೇ ಬರೆಸ್ಬಿಡಿ." ನಾನು ಒಳಗೆ ಕೀಬೋರ್ಡ್ ಮುಂದೆ ತಲೆ ತಗ್ಗಿಸಿ ಕೂತಿದ್ದೆ. ಐದು ದಿನ ಜನ ಬಂದರು. ಒಬ್ಬರು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡಿದ್ದನ್ನ ತಂದರು. ಒಬ್ಬಾಕೆ ಗೋಡೆ ಕ್ಯಾಲೆಂಡರನ್ನೇ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಬಂದರು, ತಾರೀಕಿನ ಮೇಲೆ ಸುಣ್ಣದ ಗುರುತು. ಇನ್ನೊಬ್ಬರು ಹೇಳಿದ ಬಾಕಿಗಿಂತ ಪಿಒಎಸ್ ಲೆಕ್ಕ ಒಂದು ಮೂಟೆ ಕಮ್ಮಿ ತೋರಿಸುತ್ತಿತ್ತು. ಹೇಳಿದೆ. "ಅದು ನಮ್ಮ ಅಣ್ಣನ ಹೆಸರಲ್ಲಿ ತಗೊಂಡಿದ್ದು, ಬಾಕಿ ನಂದೇ, ಬರ್ಕೊ" ಅಂದರು. ಸುಳ್ಳು ಹೇಳಿದೋರೂ ಇದ್ದಿರಬೇಕು. ಅತ್ತೆಗೆ ಎರಡು ಮೂರು ಹೆಸರಿನ ಮೇಲೆ ಅನುಮಾನ ಇತ್ತು, ಬಾಯಿ ಬಿಟ್ಟು ಹೇಳಲಿಲ್ಲ.

ಕೆರೆ ಕೆಳಗಿನ ತೋಟದ ಅಜ್ಜನದು ಮಾತ್ರ ಇತ್ಯರ್ಥ ಆಗಲಿಲ್ಲ. ಅವರು ಮಾವನ ಅಪ್ಪನ ಕಾಲದಿಂದ ಅಂಗಡಿಗೆ ಬರೋರು. ಆಗಸ್ಟಿನಲ್ಲಿ 4000 ಕಟ್ಟಿದ್ದೀನಿ ಅಂದರು. ಕಟ್ಟಿದ್ದು ಮಾವನಿಗೆ ನೆನಪಿಲ್ಲ. ಸಿಕ್ಕ 331ರಲ್ಲಿ ಇಲ್ಲ. ಚೀಟಿ ಇಲ್ಲ, ಆಗಸ್ಟಿಗೆ ಚೀಟಿ ನಿಂತಿತ್ತಲ್ಲ. ಮಾವ "ಆಯ್ತು ಬಿಡಿ, ಕಟ್ಟಿದ್ದೀರಿ ಅಂದಮೇಲೆ ಕಟ್ಟಿದ್ದೀರಿ" ಅಂದರು. ಆದರೆ ಹಾಗನ್ನೋಕೆ ಮೊದಲು ಒಂದು ಕ್ಷಣ ಸುಮ್ಮನಿದ್ದರು. ಅಜ್ಜ ಆ ಒಂದು ಕ್ಷಣವನ್ನು ನೋಡಿದರು. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಎದ್ದು ಹೋದರು. ಈಗ ಅವರು ಟೌನಿನಿಂದ ಗೊಬ್ಬರ ತರಿಸುತ್ತಾರಂತೆ.

ಇನ್‌ಸ್ಟಾಲರನ್ನು ಆ ಐದು ದಿನದಲ್ಲೇ ಸರಿಮಾಡಿದೆ. ಬಹಳ ಏನಿಲ್ಲ. ಪ್ರೋಗ್ರಾಮ್ ಈಗ ಮರ್ಯಾದೆಯಾಗಿ ಪ್ರೋಗ್ರಾಮ್ ಫೈಲ್ಸಿನಲ್ಲಿದೆ. ಲೆಕ್ಕ ಆಪ್‌ಡೇಟಾದಲ್ಲಿ, ಅದನ್ನು ಪ್ರೋಗ್ರಾಮೇ ಮೊದಲ ಸಲ ಓಡುವಾಗ ಮಾಡಿಕೊಳ್ಳುತ್ತೆ, ಇನ್‌ಸ್ಟಾಲರಿಗೆ ಅದರ ಗೊಡವೆಯೇ ಇಲ್ಲ. ಸ್ಕ್ರಿಪ್ಟಿನಲ್ಲಿ ಆ ನಕ್ಷತ್ರದ ಪಕ್ಕ, ಡಿಬಿ ಫೈಲುಗಳನ್ನು ಬಿಟ್ಟು ಅಂತ ಸೇರಿಸಿದೆ. ಪ್ರೋಗ್ರಾಮ್ ಜೊತೆಗೇ ಹೋಗಬೇಕಾದ, ಆದರೆ ಆಮೇಲೆ ಅತ್ತೆ ತಿದ್ದಬಹುದಾದ ದರಪಟ್ಟಿ ಫೈಲಿಗೆ 'ಓನ್ಲಿ ಇಫ್ ಡಸಂಟ್ ಎಕ್ಸಿಸ್ಟ್' ಅನ್ನೋ ಫ್ಲ್ಯಾಗ್: ಅಲ್ಲಿ ಇಲ್ಲದಿದ್ದರೆ ಮಾತ್ರ ಇಡು, ಇದ್ದರೆ ಮುಟ್ಟಬೇಡ. ಎಷ್ಟು ವರ್ಷದಿಂದ ಆ ಫ್ಲ್ಯಾಗ್ ಅಲ್ಲೇ ಇದೆ, ಹೆಲ್ಪ್ ಫೈಲಿನಲ್ಲಿ, ಇಗ್ನೋರ್‌ವರ್ಷನ್ ಇರೋ ಅದೇ ಪುಟದಲ್ಲಿ. ದಿನಾ ಅಂಗಡಿ ಮುಚ್ಚುವಾಗ ಡೇಟಾಬೇಸಿನ ಒಂದು ಕಾಪಿ ಪೆನ್‌ಡ್ರೈವಿಗೆ ಹೋಗುತ್ತೆ. ಹೊಸ ವರ್ಷನ್ ಕಳಿಸೋ ಮೊದಲು ವರ್ಚುವಲ್ ಮಷೀನಿನಲ್ಲಿ ವಿಂಡೋಸ್ 7 ಹಾಕಿ, ಹಳೇ ವರ್ಷನ್ ಹಾಕಿ, ಲೆಕ್ಕ ತುಂಬಿ, ಅದರ ಮೇಲೆ ಹೊಸದನ್ನು ಹಾಕಿ ನೋಡುತ್ತೇನೆ. ಆಮೇಲೆ 'ತೆಗೆ' ಒತ್ತಿ, ಲೆಕ್ಕ ಉಳಿದಿದೆಯಾ ಅಂತ ನೋಡುತ್ತೇನೆ. ಟೆಸ್ಟ್ ಗೌಡ್ರನ್ನು ಕೈಬಿಟ್ಟಿಲ್ಲ. ಆ ವರ್ಚುವಲ್ ಮಷೀನಿನಲ್ಲಿ ಅವರ ಐವತ್ತು ಮೂಟೆ ಹಾಗೇ ಇದೆ.

ವೈವಾ ಡಿಸೆಂಬರಿನಲ್ಲಿ ಆಯಿತು. ಎಕ್ಸ್‌ಟರ್ನಲ್ ಸರ್ ನಾರ್ಮಲೈಸೇಷನ್ ಕೇಳಿದರು, ಇಆರ್ ಡಯಾಗ್ರಾಮ್ ಕೇಳಿದರು. ರಿಪೋರ್ಟಿನ 'ಫ್ಯೂಚರ್ ಸ್ಕೋಪ್' ಪುಟದಲ್ಲಿ ಮಷೀನ್ ಲರ್ನಿಂಗ್ ಅಂತ ಬರೆದಿಲ್ಲವಲ್ಲ ಯಾಕೆ ಅಂತಲೂ ಕೇಳಿದರು. ಪ್ರೋಗ್ರಾಮ್ ಬೇರೆಯವರ ಕಂಪ್ಯೂಟರಿಗೆ ಹೇಗೆ ಹೋಯಿತು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ 1.4 ರೆಡಿ ಇದೆ. ಅಜ್ಜನ ಖಾತೆಯಲ್ಲಿ ಬಾಕಿ ಸೊನ್ನೆ ಅಂತ ಬರೆಯೋಕೆ ಮಾವ ಹೇಳಿದ್ದರು, ಬರೆದಿದ್ದೇನೆ. ಅತ್ತೆ ಚೀಟಿ ಬರೆಯೋದನ್ನ ಮತ್ತೆ ಶುರು ಮಾಡಿದ್ದಾರೆ. ನಿಲ್ಲಿಸಿ ಅಂತ ನಾನು ಹೇಳಲ್ಲ. ಮೊನ್ನೆ ಫೋನಿನಲ್ಲಿ, ಲಿಂಕ್ ಕಳಿಸಲಾ ಅತ್ತೆ ಅಂತ ಕೇಳಿದೆ.

"ಲಿಂಕು ಪಂಕು ಬ್ಯಾಡ. ಭಾನುವಾರ ಅಂಗ್ಡಿ ರಜ, ನೀನೇ ಬಂದು ಹಾಕು. ನಾನ್ ಪಕ್ಕದಲ್ಲಿ ನಿಂತ್ಕೋತೀನಿ" ಅಂದರು.